ಸೋಸಿದ ಮೇಲಿನ ವಿಷ

"ಹೊಡಿ! ಹೊಡದ ಬಿಡು! ಮೂರು ಹೆಣಾ ಬಿದ್ದಾವು, ನಾಕನೇದು ನಂದಾಗ್ಲಿ!"

ಶಾಬುದ್ದೀನನ ಅಂಗಿಯ ಕೊರಳಪಟ್ಟಿ ಹುಲ್ಲಪ್ಪನ ಎಡಗೈಯಲ್ಲಿತ್ತು. ಬಲಗೈ ಮುಷ್ಟಿಯಾಗಿ ಮೇಲೆದ್ದಿತ್ತು. ಹೊಡೆಯುವ ಮೊದಲು ಯೋಚಿಸುವ ಅಭ್ಯಾಸ ಹುಲ್ಲಪ್ಪನಿಗೆ ಇರಲಿಲ್ಲ. ಆದರೆ ಎದುರಿಗಿದ್ದವನು ಕಣ್ಣು ಮಿಟುಕಿಸದೆ ನಿಂತುಬಿಟ್ಟರೆ ಎಂಥ ಸಿಟ್ಟಿನವನ ಕೈಯೂ ಒಂದು ಗಳಿಗೆ ತಡೆಯುತ್ತದೆ.

ಬಣ್ಣಗಾರ ಶಾಬುದ್ದೀನನ ಹಿತ್ತಿಲು ಅದು. ಹಗ್ಗದ ಮೇಲೆ ದಾಳಿಂಬೆ ಬಣ್ಣದ ರೇಷ್ಮೆಯ ಲಡಿಗಳು ತೊಟ್ಟಿಕ್ಕುತ್ತಿದ್ದವು. ನೆಲವೆಲ್ಲ ಕೆಂಪು. ಇವತ್ತು ಆ ಕೆಂಪು ನೋಡಿದರೆ ಹುಲ್ಲಪ್ಪನ ತಲೆ ಇನ್ನಷ್ಟು ಕೆಡುತ್ತಿತ್ತು.

ಕಮತಗಿಯ ನಿಶ್ಚಯದ ಮನೆಯಲ್ಲಿ ಶಂಕ್ರಪ್ಪನ ಸೋಡಾ ಕಾರಖಾನೆಯ ಜಿಂಜರ್ ಕುಡಿದು ಮೂವರು ಸತ್ತಿದ್ದರು. ಅದನ್ನು ಸೋಸಿದ ಸತ್ಯವ್ವ ಇಳಕಲ್ಲಿನ ಠಾಣೆಯ ಕಂಬಿಗಳ ಹಿಂದೆ ಕೂತಿದ್ದಳು. ಮಧ್ಯಾಹ್ನದ ಮೋಟಾರಿಗೆ ಅವಳನ್ನು ಬಾಗಲಕೋಟೆಯ ಕೋರ್ಟಿಗೆ ಒಯ್ಯುವವರಿದ್ದರು. ಒಮ್ಮೆ ಆ ಮೋಟಾರು ಹತ್ತಿದಳೆಂದರೆ, ಕೇಳುವವರಿಲ್ಲದ ಬಡ ವಿಧವೆಯನ್ನು ತಿರುಗಿ ಯಾರು ಕಳಿಸುತ್ತಾರೆ?

ಸತ್ಯವ್ವ ಹುಲ್ಲಪ್ಪನ ಅಕ್ಕ. ತಾಯಿ ಸತ್ತ ಮೇಲೆ ತಾಯಿಯೂ ಅವಳೇ. ಬೆಳಿಗ್ಗೆ ಗುರುರಾಜ ಡಾಕ್ಟರ ಮನೆಯಲ್ಲಿ ಪಾತ್ರೆ ತಿಕ್ಕಿ, ಆಮೇಲೆ ಕಾರಖಾನೆಗೆ ಬಂದು ಜಿಂಜರ್ ಸೋಸಿ, ಆ ಎರಡು ಕೈಗಳಿಂದಲೇ ತಮ್ಮನನ್ನು ಬೆಳೆಸಿದವಳು. ತಮ್ಮ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಸಾಲೆ ಬಿಟ್ಟು ಅದೇ ಕಾರಖಾನೆಯಲ್ಲಿ ಬಾಟ್ಲಿ ತುಂಬುವ ಯಂತ್ರದ ಚಕ್ರ ತಿರುವಲು ನಿಂತ.

"ಸತ್ತವ್ರ ತುಟಿ ನೀಲಿ ಆಗಿದ್ವು," ಹುಲ್ಲಪ್ಪ ಹಲ್ಲು ಕಡಿದು ಹೇಳಿದ. "ಗುರುರಾಜ ಡಾಕ್ಟ್ರು ನೋಡಿ ಏನಂದ್ರು? ಬಣ್ಣದ ಉಪ್ಪು ಹೊಟ್ಟ್ಯಾಗ ಹೋಗೇತಿ ಅಂದ್ರು. ಬಣ್ಣದ ಉಪ್ಪು ಯಾರ ಮನ್ಯಾಗಿರತೇತಿ? ಹೇಳಲೇ!"

"ನನ್ನ ಮನ್ಯಾಗೈತಿ. ಈ ಓಣ್ಯಾಗ ಬಣ್ಣಾ ಹಾಕವ್ರು ಎಷ್ಟು ಮಂದಿ ಅದಾರೋ ಅಷ್ಟೂ ಮಂದಿ ಮನ್ಯಾಗೈತಿ. ನಿಮ್ಮ ಕಾರಖಾನಿಗೂ ನನ್ನ ಹಿತ್ತಲಕ್ಕೂ ನಡುವ ಎದಿಮಟ ಗ್ವಾಡಿ ಐತಿ. ಅಷ್ಟಕ್ಕ ನಾ ಕೊಲೆಗಾರ ಆದ್ನೇನು?"

"ಕೈ ಬಿಡೋ ಹುಲ್ಲ್ಯಾ."

ಈ ದನಿ ಹಿಂದಿನಿಂದ ಬಂತು. ಜುಲೇಖಾ, ಶಾಬುದ್ದೀನನ ಹೆಂಡತಿ. ಬಗಲಲ್ಲಿ ಒಂದು ಕೋಳಿ ಇತ್ತು. ಗಂಡನ ಕೊರಳು ಇನ್ನೊಬ್ಬನ ಕೈಯಲ್ಲಿದ್ದರೂ ಆಕೆ ಕೋಳಿಯನ್ನು ಕೆಳಗಿಡಲಿಲ್ಲ.

"ಅಕ್ಕ ಒಳಗ ಕುಂತಾಳ, ತಮ್ಮ ಇಲ್ಲಿ ಬಂದು ಮೀಸಿ ಮ್ಯಾಲ ಕೈ ಎಳ್ಯಾಕತ್ತಾನ. ಅದೂ ಇನ್ನ ನೆಟ್ಟಗ ಬಂದಿಲ್ಲ."

"ವೈನೀ, ನೀವು ನಡುವ ಬರಬ್ಯಾಡ್ರಿ."

"ಬರ್ತೇನಿ. ನನ್ನ ಹಿತ್ತಲ ಇದು. ನಿಮ್ಮ ಜಿಂಜರಿನ್ಯಾಗ ವಿಷಾ ಬಿದ್ದದ್ದು ಖರೆ ಆಗಿದ್ರ, ನನ್ನ ಕೋಳಿ ಯಾಕ ಸಾಯಲಿಲ್ಲೋ?"

"ಕೋಳಿಗೇನ ಸಂಬಂಧ?"

"ಏನ ಸಂಬಂಧ? ನಿಮ್ಮಕ್ಕ ದಿನಾ ಸೋಸಿ, ಅರಿವ್ಯಾಗ ಉಳದ ಚರಟ ಗ್ವಾಡಿ ಮ್ಯಾಲಿಂದ ನನ್ನ ಕೋಳಿಗಳಿಗೆ ಸುರೀತಾಳ. ಕಮತಗಿಗೆ ಮಾಲ ಹೋದ ದಿನಾನೂ ಸುರುವ್ಯಾಳ. ನಾನs ನಿಂತು ನೋಡೀನಿ. ತಿಂದು ನನ್ನ ಹುಂಜ ಊರ ಹಿರ್ಯಾರಗತೆ ತೂರ್ಯಾಡಕೋಂತ ಹೊಂಟಿತ್ತು. ತೂರ್ಯಾಡಿತು, ಸಾಯಲಿಲ್ಲ. ಇಲ್ಲೇ ಐತಿ ನೋಡು, ನಿನಗಿಂತ ಗಟ್ಟಿಮುಟ್ಟ ಐತಿ."

ಹುಲ್ಲಪ್ಪನ ಮುಷ್ಟಿ ಸಡಿಲಾಯಿತು.

ಬಗಲಲ್ಲಿದ್ದ ಹುಂಜ ಅವನನ್ನು ಒಂದೇ ಕಣ್ಣಿನಿಂದ ನೋಡಿತು.

ಜಿಂಜರ್ ಮಾಡುವುದು ಹೇಗೆಂದು ಹುಲ್ಲಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಸಿಶುಂಠಿ ಜಜ್ಜಿ, ಬೆಲ್ಲ ಹಾಕಿ ಕುದಿಸಿ, ಆರಿದ ಮೇಲೆ ಲಿಂಬೆ ಹಿಂಡಿ, ಹಿಂದಿನ ಸಲದ ಹೆಪ್ಪು ಹಾಕಿ ಹಂಡೆಯ ಬಾಯಿ ಕಟ್ಟಿಡಬೇಕು. ಒಳಗೆ ಹುಳಿಯೇರಿ ನೊರೆ ಬರುತ್ತದೆ. ಸರಿಯಾದ ಹೊತ್ತಿಗೆ ತೆಗೆದರೆ ಜಿಂಜರ್. ಬಿಟ್ಟುಬಿಟ್ಟರೆ ಅಮಲೇರಿ ದಾರೂ. ದಾರೂಬಂದಿಯ ಈ ಕಾಲದಲ್ಲಿ ಹಾಗೆ ಬಿಡುವವರೂ ಇದ್ದರು, ಕೇಳಿಕೊಂಡು ಬರುವವರೂ ಇದ್ದರು. ಆಮೇಲೆ ಎರಡು ಪದರದ ಅರಿವೆಯಲ್ಲಿ ಸೋಸಿ, ರುಚಿಗಷ್ಟು ಉಪ್ಪು ಹಾಕಿ, ತಿಳಿಯನ್ನು ಬಾಟ್ಲಿಗೆ ಅಳತೆಯಂತೆ ಹಾಕಿ, ಮೇಲೆ ಗ್ಯಾಸಿನ ನೀರು ತುಂಬಿದರೆ ಮುಗಿಯಿತು.

ವಿಷ ಹಂಡೆಯಲ್ಲಿ ಬಿದ್ದಿದ್ದರೆ ಚರಟದಲ್ಲೂ ಇರಬೇಕು. ಸೋಸುವ ಅರಿವೆಯಲ್ಲಿ ಇದ್ದಿದ್ದರೂ ಚರಟಕ್ಕೆ ತಾಗಲೇಬೇಕು. ಕೋಳಿಗಳು ಸತ್ತು ಬೀಳಬೇಕಿತ್ತು.

ಕೋಳಿಗಳು ಬದುಕಿದ್ದವು. ಅಂದರೆ ಅಕ್ಕ ಸೋಸಿ ಮುಗಿಸುವ ತನಕ ಜಿಂಜರ್ ಶುದ್ಧವಾಗಿತ್ತು!

"ವೈನೀ, ಆ ಹುಂಜ ಕೊಡ್ರಿ."

"ಯಾಕೋ? ಕೊಯ್ಯಾಕ?"

"ಇಲ್ರಿ. ಸಾಕ್ಷಿ ಹೇಳಸಾಕ."

ಶಾಬುದ್ದೀನ ಕೊರಳಪಟ್ಟಿ ಸರಿಮಾಡಿಕೊಳ್ಳುತ್ತ ಕೆಮ್ಮಿದ. "ಹುಂಜ ಠಾಣೇಕ ಹೋದ್ರ ಆ ಪೋಲೀಸ್ರು ಸಾರು ಮಾಡ್ತಾರ. ಬ್ಯಾಡ. ನಾವಿಬ್ಬರೂ ಬರ್ತೇವಿ, ನಡಿ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತ. "ನಿನ್ನ ಸಲುವಾಗಿ ಅಲ್ಲಲೇ. ಸತ್ಯವ್ವಕ್ಕನ ಸಲುವಾಗಿ."

*

ಠಾಣೆಗೆ ಹೋಗುವ ದಾರಿಯ ದವಾಖಾನೆಯ ಬಾಗಿಲಲ್ಲಿ ಗುರುರಾಜ ಡಾಕ್ಟರು ಆಗಲೇ ಕೋಟು ಹಾಕಿಕೊಂಡು ನಿಂತಿದ್ದರು. ಸತ್ಯವ್ವನ ಮೇಲೆ ಅವರಿಗೆ ಕನಿಕರ. ಅವಳನ್ನು ಹಿಡಿದುಕೊಂಡು ಹೋದ ದಿನದಿಂದ ಠಾಣೆಯ ಫೌಜದಾರನಿಗೆ ಎರಡು ಸಲ ಹೇಳಿ ನೋಡಿದ್ದರು.

ಹುಲ್ಲಪ್ಪ ಏದುಸಿರು ಬಿಡುತ್ತ ಕೋಳಿಯ ಕಥೆ ಹೇಳಿದ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

"ಹಸೀ ಚರಟ ತಿಂದಾವಂತೇನು? ನೀನು ಕಣ್ಣಾರೆ ನೋಡೀಯೇನವಾ, ಜುಲೇಖಾ?"

"ನೋಡೀನ್ರಿ. ಬೇಕಾದ್ರ ಕುರಾನ್ ಮ್ಯಾಲ ಕೈ ಇಟ್ಟು ಹೇಳ್ತೇನ್ರಿ."

"ಆ ಉಪ್ಪು ನೀರಾಗ ಪೂರಾ ಕರಗತದ. ಹಂಡೇದಾಗ ಬಿದ್ದಿದ್ರ ಚರಟದ ಹಸಿಯೊಳಗೂ ಇರಬೇಕು. ಕೋಳಿಯಂಥ ಜೀವಕ್ಕ ಅಷ್ಟು ಸಾಕು." ಡಾಕ್ಟರು ಕನ್ನಡಕ ಏರಿಸಿಕೊಂಡರು. "ನೀ ಹೇಳೂದು ಖರೆ ಅದ ಹುಲ್ಲಪ್ಪಾ. ಸತ್ಯವ್ವ ಬಿಡುಗಡಿ ಆಗ್ತಾಳ. ನಡಿ, ನಾನೂ ಬರ್ತೇನಿ."

ಹುಲ್ಲಪ್ಪನಿಗೆ ಅಳು ಬಂದಂತಾಯಿತು. ಅಳು ಬಂದಾಗಲೆಲ್ಲ ಅವನಿಗೆ ಸಿಟ್ಟೂ ಬರುತ್ತಿತ್ತು. ಬಾಗಿಲ ಬಳಿ ಬಿದ್ದಿದ್ದ ಒಂದು ಡಬ್ಬಿಯನ್ನು ಒದ್ದು ಮುಂದೆ ನಡೆದ.

*

ಠಾಣೆಯಲ್ಲಿ ಶಂಕ್ರಪ್ಪ ಕುರ್ಚಿಯ ಮೇಲೆ ಕೂತು ಬಸಿಯಲ್ಲಿ ಚಹಾ ಕುಡಿಯುತ್ತಿದ್ದ.

ಅದನ್ನು ನೋಡಿದ್ದೇ ತಡ, ಹುಲ್ಲಪ್ಪನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಕಂಬಿಗಳ ಹಿಂದೆ ಅಕ್ಕ ನೆಲದ ಮೇಲೆ. ಕಂಬಿಗಳ ಮುಂದೆ ಸಾಹುಕಾರ ಕುರ್ಚಿಯ ಮೇಲೆ. ಹಣೆಯ ತುಂಬ ವಿಭೂತಿ, ತಲೆಗೆ ಇಸ್ತ್ರಿಯ ರುಮಾಲು. ಅವನ ಹಂಡೆ, ಅವನ ಬಾಟ್ಲಿ, ಅವನ ಹೆಸರಿನ ಜಿಂಜರ್! ಜನ ಸತ್ತರೆ ಮಾತ್ರ ಅದು ಸೋಸಿದವಳ ಜಿಂಜರ್!

"ಬಾರಪಾ ಹುಲ್ಲಪ್ಪಾ," ಫೌಜದಾರ ಪಂಢರೀನಾಥ ತಲೆಯೆತ್ತಿದ. ಹೊರ ಊರಿಂದ ವರ್ಗವಾಗಿ ಬಂದ ಮನುಷ್ಯ. ಕೆಟ್ಟವನಲ್ಲ, ಆದರೆ ಕೈಗೆ ಸಿಕ್ಕವರನ್ನು ಬಿಡುವವನೂ ಅಲ್ಲ. "ಅಕ್ಕಗ ಬುತ್ತಿ ತಂದೀಯೇನು? ಹಾದ್ಯಾಗ ಹಸಿವಾಗತದ."

"ನಮ್ಮಕ್ಕ ಮೋಟಾರ ಹತ್ತೂದಿಲ್ರಿ, ಸಾಹೇಬ್ರ."

ಹುಲ್ಲಪ್ಪ ಎಲ್ಲ ಹೇಳಿದ. ಜುಲೇಖಾ ಹೌದೆಂದಳು. ಡಾಕ್ಟರು ಹೌದೆಂದರು. ಫೌಜದಾರ ಮೇಜಿನ ಮೇಲೆ ಬೆರಳು ಬಡಿದ.

ಕಂಬಿಯ ಹಿಂದಿನಿಂದ ಸತ್ಯವ್ವ ಎದ್ದು ನಿಂತಳು. "ಹುಲ್ಲ್ಯಾ, ಸಾಕು. ಮನಿಗೆ ಹೋಗು."

"ಯಕ್ಕಾ, ಈ ಮಾತು ನೀನs ಯಾಕ ಹೇಳಲಿಲ್ಲ? ಕೋಳಿಗೆ ಚರಟ ಹಾಕೀನಿ ಅಂತ ಒಂದು ಮಾತು ಅಂದಿದ್ರ..."

"ಮನಿಗೆ ಹೋಗಂದ್ನೆಲ್ಲ!"

ಶಂಕ್ರಪ್ಪ ಬಸಿ ಕೆಳಗಿಟ್ಟ. "ಕೋಳಿ ಮಾತು ಕೇಳಿ ಕೇಸು ನಡಸ್ತೀರೇನ್ರಿ, ಫೌಜದಾರ್ರ? ಅರಿವಿ ನಿಮ್ಮ ಹತ್ರನ ಐತೆಲ್ಲ. ಅಕಿ ಸೋಸಿದ ಅರಿವಿ. ಅದರ ಮ್ಯಾಲ ವಿಷದ ಉಪ್ಪು ಐತಿ ಅಂತ ಈ ಡಾಕ್ಟ್ರs ಪರೀಕ್ಷಾ ಮಾಡಿ ಹೇಳ್ಯಾರ."

"ಅದ," ಎಂದ ಫೌಜದಾರ. "ಉಪ್ಪು ಅದ. ಅದೊಂದು ಅದನಲ್ಲ."

"ತೋರಸ್ರಿ ಅದನ್ನ," ಹುಲ್ಲಪ್ಪ ಮುಂದೆ ಬಂದ.

ಪೋಲೀಸನೊಬ್ಬ ಕಪಾಟಿನಿಂದ ಗಂಟು ತಂದು ಬಿಚ್ಚಿದ. ಬಿಳಿ ಅರಿವೆ. ನಡುವೆ ಶುಂಠಿಯ ಕಂದು ಕಲೆ, ಅದರ ಮೇಲೆ ಉಪ್ಪಿನ ಬಿಳಿ ಪೊರೆ. ಹುಲ್ಲಪ್ಪ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದ. ಹಿಡಿದವನು ಶಾಬುದ್ದೀನನ ಮುಖ ನೋಡಿದ. ಶಾಬುದ್ದೀನನೂ ಬಗ್ಗಿ ಮುಟ್ಟಿದ. ಇಬ್ಬರೂ ಅರಿವೆಯ ಊರಿನವರು. ಮಾತು ಬೇಕಾಗಲಿಲ್ಲ.

"ಸಾಹೇಬ್ರ, ಒಂದು ತಂಬಿಗಿ ನೀರು ಕೊಡ್ರಿ."

ಅರಿವೆಯನ್ನು ಕಲೆಯಿಲ್ಲದ ಕಡೆ ಎರಡು ಮಡಿಕೆ ಮಾಡಿ ಬೋಗುಣಿಯ ಬಾಯಿಗೆ ಹಿಡಿದು ಹುಲ್ಲಪ್ಪ ನೀರು ಸುರಿದ. ನೀರು ಇಳಿಯಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತಂತೆ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಹನಿ, ಇನ್ನೊಂದು ಹನಿ.

"ಏನಿದು?" ಫೌಜದಾರ ಕುರ್ಚಿ ಬಿಟ್ಟು ಎದ್ದ.

"ಕೋರಾ ಅರಿವಿ ಇದು! ಮಗ್ಗದಿಂದ ಇಳದದ್ದು, ಗಂಜಿ ಇನ್ನ ಮೈಮ್ಯಾಲ ಐತಿ. ಇದರಾಗ ನೀರs ಇಳೀವಲ್ಲದು, ಬೆಲ್ಲದ ಪಾಕ ಇಳೀತೇತೇನ್ರಿ? ನಮ್ಮಕ್ಕ ಹೊಸಾ ಅರಿವಿ ತಂದ್ರ ಮೊದಲ ಕುದಸ್ತಾಳ, ಒಗೀತಾಳ, ಒಣಗಸ್ತಾಳ, ಮತ್ತ ಕುದಸ್ತಾಳ. ಗಂಜಿ ಹೋಗದಿದ್ರ ಜಿಂಜರ್ ರಾಡಿ ಆಗತೇತಿ ಅಂತ ಈ ಊರಾಗ ಸೋಸೂ ಹೆಣ್ಮಕ್ಕಳಿಗೆಲ್ಲಾ ಗೊತ್ತೈತಿ. ಈ ಅರಿವಿ ಇಟ್ಟಾವ ಯಾವತ್ತೂ ಜಿಂಜರ್ ಸೋಸಿದಾವ ಅಲ್ಲ. ಮಾರಿದಾವ!"

ಹುಲ್ಲಪ್ಪನ ಒಂದು ಕೈ ಶಂಕ್ರಪ್ಪನ ಕಡೆ ಚಾಚಿತ್ತು.

"ಲೇ ಹುಲ್ಲ್ಯಾ, ನನ್ನ ಅನ್ನಾ ತಿಂದು ನನಗs ಬಟ್ಟ ತೋರಸ್ತಿಯೇನಲೇ?"

"ನಿನ್ನ ಅನ್ನಾ? ನಾ ಚಕ್ರ ತಿರುವಿದ್ರ ನೀ ಉಂಡಿ! ನಮ್ಮಕ್ಕ ಸೋಸಿ ಸೋಸಿ ಕೈ ಒಡದ್ರ ನಿನ್ನ ಮನ್ಯಾಗ ಹೋಳಿಗಿ ಆದ್ವು! ಹೇಳು, ಈ ಅರಿವಿ ಯಾರು ಇಟ್ರು?"

"ಸಾವಕಾಶ, ಸಾವಕಾಶ," ಎಂದ ಫೌಜದಾರ. ಆದರೆ ಅವನ ಕಣ್ಣೂ ಶಂಕ್ರಪ್ಪನ ಮೇಲೆಯೇ ಇತ್ತು. "ಸಾವಕಾರ್ರ, ಅರಿವಿ ಸಿಕ್ಕದ್ದು ನಿಮ್ಮ ಕಾರಖಾನ್ಯಾಗ. ತೋರಿಸಿಕೊಟ್ಟವ್ರೂ ನೀವs."

ಶಂಕ್ರಪ್ಪ ರುಮಾಲು ತೆಗೆದು ಮುಖ ಒರೆಸಿಕೊಂಡ. ಒರೆಸಿದ ಕಡೆಯೆಲ್ಲ ವಿಭೂತಿ ಹರಡಿತು.

"ಹುಚ್ಚ ಮಾಡ್ಯಾನ, ಬೆಪ್ಪ ಮಾಡ್ಯಾನ ಅಂತ ತಿಳೀರಿ," ದನಿ ಒಡೆದಿತ್ತು. "ಹೌದು. ನಾ ಇಟ್ಟೆ. ಬಣ್ಣದ ಉಪ್ಪು ಅಂತ ಡಾಕ್ಟ್ರು ಅಂದಮ್ಯಾಲ ಈ ಶಾಬುದ್ದೀನನ ಹಿತ್ತಲದಿಂದ ಒಂದು ಹಿಡಿ ತಂದು ಉಜ್ಜಿದೆ. ಇಲ್ಲಂದ್ರ ಕಾರಖಾನಿಗೆ ಸೀಲ್ ಬೀಳ್ತಿತ್ತು. ನಮ್ಮಪ್ಪನ ಕಾಲದ ಕಾರಖಾನಿ ಅದು. ಆದ್ರ ವಿಷಾ ನಾ ಹಾಕಿಲ್ಲ. ದೇವರಾಣೆ ಹಾಕಿಲ್ಲ. ಹೆಂಗಿದ್ರೂ ಅಕಿ ಕೈಲೆ ಏನೋ ಹೆಚ್ಚುಕಡಿಮಿ ಆಗೇತಿ ಅಂತ ತಿಳದೆ. ಹಿಂದ ಮುಂದ ಯಾರಿಲ್ಲದಾಕಿ..."

ಮಾತು ಮುಗಿಯಲಿಲ್ಲ. ಕುರ್ಚಿ ಉರುಳಿತು. ಹುಲ್ಲಪ್ಪನ ಹೊಡೆತಕ್ಕೆ ಚಹಾದ ಬಸಿ ಗೋಡೆಗೆ ಹಾರಿ ಚೂರಾಯಿತು. ಶಾಬುದ್ದೀನನೂ ಪೋಲೀಸನೂ ಕೂಡಿ ಅವನನ್ನು ಹಿಂದಕ್ಕೆ ಎಳೆಯಬೇಕಾಯಿತು.

"ಯಾರಿಲ್ಲ ಅಂತೀ? ನಾ ಸತ್ತೀನೇನಲೇ! ನಾ ಇದ್ದೀನಿ! ನಾ!"

"ಸಾಕು!" ಫೌಜದಾರ ಲಾಠಿಯಿಂದ ಮೇಜು ಬಡಿದ. "ಸಾವಕಾರ್ರು ಅರಿವಿ ಇಟ್ಟದ್ದಕ್ಕ ಬ್ಯಾರೆ ಕೇಸ್ ಆಗತದ. ಆದ್ರ ಅವ್ರು ವಿಷಾ ಹಾಕಿಲ್ಲ ಅನ್ನೋದು ನನಗೂ ಗೊತ್ತದ. ಆ ದಿನ ಮುಂಜಾನಿಂದ ಅವ್ರು ಹುನಗುಂದದ ಕಚೇರ್ಯಾಗ ಇದ್ರು. ನಾನೂ ಅಲ್ಲೇ ಇದ್ದೆ." ಲಾಠಿ ಹುಲ್ಲಪ್ಪನ ಕಡೆ ತಿರುಗಿತು. "ಈಗ ನೀನು ಹೇಳಪಾ. ಸೋಸೂತನಾ ವಿಷಾ ಇರಲಿಲ್ಲ. ನೀನs ತೋರಿಸಿಕೊಟ್ಟಿ, ಡಾಕ್ಟ್ರೂ ಒಪ್ಪಿದ್ರು. ಸೋಸಿದ ಮ್ಯಾಲ ಜಿಂಜರ್ ಯಾರ ಕೈಯಾಗ ಹೋಗತದ?"

ಹುಲ್ಲಪ್ಪ ತನ್ನ ಕೈಗಳನ್ನೇ ನೋಡಿಕೊಂಡ.

ಸೋಸಿದ ಮೇಲೆ ಜಿಂಜರ್ ಅವನ ಕೈಗೆ ಬರುತ್ತದೆ.

ಅಕ್ಕ ಇಷ್ಟು ದಿನ ಕೋಳಿಗಳ ಮಾತೆತ್ತದೆ ಯಾಕೆ ಕೂತಿದ್ದಳೆಂದು ಈಗ ಗೊತ್ತಾಯಿತು. ಚರಟ ಶುದ್ಧವಿತ್ತೆಂದು ಅವಳು ಹೇಳಿದ್ದರೆ ಅವಳು ಹೊರಗೆ, ತಮ್ಮ ಒಳಗೆ. ಅವಳು ಮುಚ್ಚಿಟ್ಟ ಬಾಗಿಲನ್ನು ಅವನೇ ಒದ್ದು ತೆರೆದಿದ್ದ.

"ಬಾಟ್ಲಿಗೆ ಹಾಕೂ ಮೊದಲ ಅದಕ್ಕ ಮತ್ತೇನರೆ ಕೂಡಸ್ತೀರೇನು?" ಡಾಕ್ಟರು ಮೆಲ್ಲಗೆ ಕೇಳಿದರು.

"ಉಪ್ಪು," ಎಂದ ಶಂಕ್ರಪ್ಪ, ನೆಲದಿಂದ ಏಳುತ್ತ. "ರುಚಿಗೆ. ಮೊದಲs ಹಾಕಿದ್ರ ಹುಳಿ ಏರೂದಿಲ್ಲ, ಅದಕ್ಕ ಸೋಸಿದ ಮ್ಯಾಲs ಹಾಕೂದು. ದಿನಾ ನಾ ಹಾಕ್ತೇನಿ. ಆ ದಿನ ನಾ ಇರಲಿಲ್ಲ."

"ಭರಣಿ ಉಪ್ಪು ಪರೀಕ್ಷಾ ಆಗೇದ, ಊಟದ ಉಪ್ಪದು," ಎಂದ ಫೌಜದಾರ.

"ಅದು ನಾ ಹುನಗುಂದದಿಂದ ಬಂದಮ್ಯಾಲ ತುಂಬಿಸಿದ್ದು. ಬರೂದ್ರಾಗ ಭರಣಿ ಬರಿದಾಗಿತ್ತು."

"ನಾ ಹಾಕೀನಿ!" ಸತ್ಯವ್ವ ಕಂಬಿ ಹಿಡಿದು ಕೂಗಿದಳು. "ಆವತ್ತ ಉಪ್ಪು ನಾ ಹಾಕೀನ್ರಿ! ಅವ ಹಾಕಿಲ್ಲ. ಅವಗೇನೂ ಗೊತ್ತಿಲ್ಲ. ಮೋಟಾರ ಬರೂ ಹೊತ್ತಾತು, ನನ್ನ ಕರಕೊಂಡ ನಡೀರಿ!"

ಆ ಮುಂಜಾನೆ ಹುಲ್ಲಪ್ಪನ ಕಣ್ಣ ಮುಂದೆ ಬಂತು. ಬರಿದಾದ ಭರಣಿ. ಅಕ್ಕ ಎಲ್ಲಿಂದಲೋ ತಂದ ಉಪ್ಪಿನ ಪುಡಿಕೆ. ಅದನ್ನು ಒಡೆದು, ತಿಳಿ ಜಿಂಜರಿಗೆ ಸುರಿದು, ಸಿಳ್ಳು ಹಾಕುತ್ತ ತಿರುವಿದ ಕೈ. ನೋಡಲು ಊಟದ ಉಪ್ಪಿನಂತೆಯೇ ಬಿಳಿ ಇದ್ದದ್ದರ ಮೇಲೆ ಯಾರಿಗೆ ಸಂಶಯ ಬರುತ್ತದೆ? ಬಣ್ಣಗಾರರ ಕೊರಳು ಹಿಡಿಯುವ ಅವಸರದಲ್ಲಿ ತನ್ನ ಕೈಯನ್ನು ತಾನು ನೋಡಿಕೊಂಡಿರಲೇ ಇಲ್ಲ. ಮೂವರು ಆ ಕೈಯಿಂದ ಸತ್ತಿದ್ದರು.

"ಸುಳ್ಳ ಹೇಳಾಕತ್ತಾಳ್ರಿ," ಎಂದ. ತನ್ನ ದನಿಯೇ ತನಗೆ ಬೇರೆಯವರದೆನಿಸಿತು. "ಉಪ್ಪು ಹಾಕಿದಾವ ನಾನ. ಪುಡಿಕಿ ಅಕಿ ತಂದಿದ್ಲು. ಹಾಕಿದಾವ ನಾ. ಬರಕೋರಿ."

"ಹುಲ್ಲ್ಯಾ..." ಸತ್ಯವ್ವ ಕಂಬಿಗೆ ಹಣೆ ಹಚ್ಚಿದಳು. ಅತ್ತಳು. ಸಿಕ್ಕಿಬಿದ್ದಂದಿನಿಂದ ಅವಳು ಅತ್ತದ್ದು ಇದೇ ಮೊದಲು.

"ಸತ್ಯವ್ವಾ," ಫೌಜದಾರನ ದನಿ ಈಗ ಇಳಿದಿತ್ತು. "ಇನ್ನ ಮುಚ್ಚಿಡೂದು ಏನೂ ಉಳದಿಲ್ಲ. ಪುಡಿಕಿ ಯಾವ ಅಂಗಡಿಯಿಂದ ತಂದಿದ್ದಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಫೌಜದಾರನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ನೋಡಿದ್ದು ಡಾಕ್ಟರನ್ನು.

"ಅಂಗಡಿಯಿಂದ ಅಲ್ರಿ. ಡಾಕ್ಟ್ರ ಮನಿಂದ ತಂದಿದ್ದೆ. ಭಾಂಡೆ ತಿಕ್ಕಿ ಹೋಗೂಮುಂದ, ಬಾಯಾರ, ಒಂದೀಟು ಉಪ್ಪು ಕೊಡ್ರಿ, ನಾಳಿ ತಂದು ಕೊಡ್ತೇನಿ ಅಂತ ಹಿತ್ತಲ ಬಾಗಲದಾಗ ನಿಂತು ಡಾಕ್ಟ್ರ ಮನಿಯವ್ರನ್ನ ಕೂಗಿದೆ. ಉಪ್ಪು ಕೈಯಾಗ ಕೈ ಕೊಡಬಾರದಲ್ರಿ, ಜಗಳಾ ಆಗತೇತಿ ಅಂತ. ಅದಕ್ಕ ನಾ ಬೆನ್ನ ತಿರುವಿ ಭಾಂಡೆ ಡಬ್ಬ ಹಾಕ್ಕೋಂತ ನಿಂತೆ. ತಿರುಗಿ ನೋಡೂದ್ರಾಗ ಪುಡಿಕಿ ಹೊಸ್ತಲ ಮ್ಯಾಲ ಇತ್ತು. ತಗೊಂಡು ಬಂದೆ."

ಡಾಕ್ಟರ ಮುಖದ ಬಣ್ಣ ಹೋಯಿತು. ಮೇಜಿನ ಅಂಚು ಹಿಡಿದುಕೊಂಡರು.

"ಆ ದಿನ?" ಎಂದರು. "ಆ ದಿನ ನನ್ನ ಹೆಂಡತಿ ಕುಮುದಿನಿ ಇಳಕಲ್ಲಿನೊಳಗs ಇರಲಿಲ್ಲ ಸತ್ಯವ್ವಾ. ಬಾದಾಮಿಗೆ ಅವರ ಅಣ್ಣನ ಮನಿಗೆ ಹೋಗಿದ್ಲು. ನಾ ದವಾಖಾನ್ಯಾಗ ಇದ್ದೆ. ಮನ್ಯಾಗ ಯಾರೂ ಇರಲಿಲ್ಲ. ನೀನು ಯಾರನ್ನ ಕೂಗಿದಿ?"

ಸತ್ಯವ್ವ ಕಣ್ಣು ಕಿರಿದು ಮಾಡಿದಳು. ಅವಳ ಕಣ್ಣೀರು ನಿಂತುಹೋಗಿತ್ತು.

"ಯಾರೂ ಇರಲಿಲ್ಲ ಅಂತೀರೇನ್ರಿ? ಪುಡಿಕಿ ಇಡೂಮುಂದ ಬಳಿ ಸಪ್ಪಳ ಆತಲ್ರಿ. ಕೈತುಂಬ ಬಳಿ."